ಬೆಳಕಿಗಾಗಿ ಕಾಯುವ ಅಂಟು

ಹುಳುಕು ಹಲ್ಲನ್ನು ತುಂಬಿಸಿಕೊಂಡ ಅನುಭವ ನಿಮಗಿದ್ದರೆ ಒಂದು ಸಂಗತಿಯನ್ನು ಗಮನಿಸಿರಬಹುದು. ದಂತವೈದ್ಯರು ಹಲ್ಲಿನ ಬಣ್ಣದ ಮೆತ್ತನೆಯ ಪದಾರ್ಥವನ್ನು ಕುಳಿಯೊಳಗೆ ತುಂಬಿ, ಆಕಾರ ಕೊಟ್ಟು, ಪೆನ್ನಿನಂಥ ಸಾಧನದಿಂದ ನೀಲಿ ಬೆಳಕನ್ನು ಇಪ್ಪತ್ತು ಸೆಕೆಂಡು ಬಿಡುತ್ತಾರೆ. ಅಷ್ಟರಲ್ಲಿ ಅದು ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಆ ಹೊತ್ತಿನಲ್ಲಿ ವೈದ್ಯರು ತಮ್ಮ ಕಣ್ಣಿಗೆ ಕಿತ್ತಳೆ ಬಣ್ಣದ ತಡೆಯನ್ನು ಅಡ್ಡ ಹಿಡಿದಿರುತ್ತಾರೆ. ಬೆಳಕು ನೀಲಿಯೇ ಏಕೆ? ತಡೆ ಕಿತ್ತಳೆಯೇ ಏಕೆ?

ಚಿಕ್ಕೋಡಿ ಭಾಗದ ನಮ್ಮ ಕಾಲೇಜಿನಲ್ಲಿ ವಿದ್ಯಾರ್ಥಿನಿಯೊಬ್ಬಳು ನನ್ನನ್ನು ಈ ಪ್ರಶ್ನೆಗಳತ್ತ ಎಳೆದಳು. ವಿಜ್ಞಾನ ವಸ್ತುಪ್ರದರ್ಶನಕ್ಕೆ ಹವಳದ ದಿಬ್ಬದ ಗಾಜಿನ ತೊಟ್ಟಿಯೊಂದನ್ನು ಮಾಡಬೇಕೆಂದು ಅವಳ ಆಸೆ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನಾಡಿನ ನಮಗೆ ಸಮುದ್ರವೆಂದರೆ ಸಹ್ಯಾದ್ರಿಯ ಆಚೆಗಿನ ಮಾತು. "ಸರ್, ಹವಳವನ್ನೂ ಕಲ್ಲನ್ನೂ ದಂತವೈದ್ಯರ ಬೆಳಕಿನ ಅಂಟಿನಿಂದ ಕೂಡಿಸಬಹುದೇ?" ಎಂದು ಕೇಳಿದಳು. ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಲು ಆಗಲಿಲ್ಲ. ಉತ್ತರದ ಹಿಂದೆ ಸುಮಾರು ಇನ್ನೂರು ವರ್ಷಗಳ ಇತಿಹಾಸವಿದೆ. ಅದನ್ನು ನೀವೂ ನನ್ನೊಡನೆ ನೋಡಿ.

ಸಕ್ಕರೆ ಅಳೆದ ಅಂಟು

ನಮ್ಮದು ಕಬ್ಬಿನ ಸೀಮೆ. ಹಿಂದೆ ಅಥಣಿ ತಾಲ್ಲೂಕಿನಲ್ಲಿದ್ದು ಈಗ ಕಾಗವಾಡ ತಾಲ್ಲೂಕಿಗೆ ಸೇರಿರುವ ಉಗಾರ ಖುರ್ದದಲ್ಲಿ ಸಕ್ಕರೆ ಉದ್ಯಮ ಬೇರೂರಿದ್ದು 1939ರಷ್ಟು ಹಿಂದೆ. ಕಬ್ಬಿನ ರಸದಲ್ಲಿ ಸಕ್ಕರೆ ಎಷ್ಟಿದೆಯೆಂದು ತಿಳಿಯಲು ಧ್ರುವೀಕೃತ ಬೆಳಕನ್ನು ರಸದ ಮೂಲಕ ಹಾಯಿಸಿ ಅದು ಎಷ್ಟು ಕೋನ ತಿರುಗಿತೆಂದು ಅಳೆಯುವ ಪದ್ಧತಿ ನಿಮಗೆ ಗೊತ್ತೇ ಇದೆ. ಹಳೆಯ ಧ್ರುವಮಾಪಕಗಳ ಹೃದಯವೆಂದರೆ ನಿಕೋಲ್ ಪಟ್ಟಕ. 1828ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನಿಕೋಲ್ ಕ್ಯಾಲ್ಸೈಟ್ ಹರಳನ್ನು ಓರೆಯಾಗಿ ಕತ್ತರಿಸಿ, ಎರಡು ತುಂಡುಗಳನ್ನು ಮತ್ತೆ ಅಂಟಿಸಿ ಇದನ್ನು ರೂಪಿಸಿದ.

ಅಂಟಿಸಿದ್ದು ಕೆನಡಾ ಬಾಲ್ಸಂ ಎಂಬ ಮರದ ರಾಳದಿಂದ. ಅದರ ವಕ್ರೀಭವನ ಸೂಚ್ಯಂಕ ಸುಮಾರು 1.55. ಕ್ಯಾಲ್ಸೈಟಿನಲ್ಲಿ ಸಾಮಾನ್ಯ ಕಿರಣಕ್ಕೆ ಅದು 1.658, ಅಸಾಮಾನ್ಯ ಕಿರಣಕ್ಕೆ 1.486. ಹೀಗಾಗಿ ಸಾಮಾನ್ಯ ಕಿರಣ ಅಂಟಿನ ಪದರದಲ್ಲಿ ಪೂರ್ಣ ಆಂತರಿಕ ಪ್ರತಿಫಲನ ಹೊಂದಿ ಪಕ್ಕಕ್ಕೆ ಹೋಗುತ್ತದೆ. ಇನ್ನೊಂದು ಮಾತ್ರ ಮುಂದೆ ಸಾಗುತ್ತದೆ. ಇಲ್ಲಿ ಅಂಟು ಎರಡು ತುಂಡುಗಳನ್ನು ಹಿಡಿದಿಡುವುದಷ್ಟೇ ಅಲ್ಲ, ಬೆಳಕಿನ ಕೆಲಸವನ್ನೂ ಮಾಡುತ್ತದೆ.

ಎರಡು ಮಾತುಗಳನ್ನು ನೆನಪಿಡಿ. ಒಂದು, ಈ ರಾಳ ತಾನಾಗಿ ಗಟ್ಟಿಯಾಗಲು ಬಹಳ ದಿನ ಬೇಕು. ಗಟ್ಟಿಯಾಗುವ ಕ್ಷಣವನ್ನು ಕುಶಲಕರ್ಮಿ ಆರಿಸಲಾರ. ಎರಡು, ಕ್ಯಾಲ್ಸೈಟ್ ಎಂದರೆ ಕ್ಯಾಲ್ಸಿಯಂ ಕಾರ್ಬೋನೇಟ್. ಹವಳದ ಅಸ್ಥಿಪಂಜರವೂ ಅದೇ ಪದಾರ್ಥ, ಅರಗೊನೈಟ್ ಎಂಬ ಬೇರೆ ಹರಳಿನ ರೂಪದಲ್ಲಿ.

ಬಿಸಿಲಿಗೆ ಗಟ್ಟಿಯಾದ ಡಾಂಬರು

ನಿಕೋಲ್ ಪಟ್ಟಕ ಮಾಡುತ್ತಿದ್ದ ಕಾಲದಲ್ಲೇ ಫ್ರಾನ್ಸಿನಲ್ಲಿ ನಿಸೆಫೋರ್ ನಿಯೆಪ್ಸ್ ಮತ್ತೊಂದು ರಾಳದಂಥ ವಸ್ತುವಿನೊಡನೆ ಸೆಣಸುತ್ತಿದ್ದ. ಜುಡೇಯಾದ ಡಾಂಬರು ಎಂದು ಹೆಸರಾದ ನೈಸರ್ಗಿಕ ಬಿಟುಮೆನ್ ಅದು. ಬೆಳಕು ಬಿದ್ದ ಕಡೆ ಅದು ಗಟ್ಟಿಯಾಗಿ ದ್ರಾವಕದಲ್ಲಿ ಕರಗದಂತಾಗುತ್ತದೆ. 1826-27ರ ಸುಮಾರಿಗೆ ಅವನು ಅದನ್ನು ಲೋಹದ ತಗಡಿಗೆ ಬಳಿದು, ತನ್ನ ಕಿಟಕಿಯಾಚೆಯ ನೋಟವನ್ನು ಅದರ ಮೇಲೆ ಬೀಳಿಸಿ, ಗಟ್ಟಿಯಾಗದ ಭಾಗವನ್ನು ಲ್ಯಾವೆಂಡರ್ ಎಣ್ಣೆ ಬೆರೆತ ದ್ರಾವಕದಲ್ಲಿ ತೊಳೆದ. ಉಳಿದಿರುವ ಛಾಯಾಚಿತ್ರಗಳಲ್ಲಿ ಅತ್ಯಂತ ಹಳೆಯದು ಇದೇ. ಛಾಯಾಚಿತ್ರಣದ ಆರಂಭವೆಂದು ನಾವು ಪಾಠ ಮಾಡುವ ಈ ಘಟನೆ, ಬೆಳಕಿನಿಂದ ಗಟ್ಟಿಯಾಗುವ ಪದಾರ್ಥಗಳ ಬಳಕೆಯ ಆರಂಭವೂ ಹೌದು. ಆದರೆ ಬೇಕಾದ ಕಾಲ ಗಂಟೆಗಟ್ಟಲೆ, ಪ್ರಾಯಶಃ ದಿನಗಟ್ಟಲೆ.

1852ರಲ್ಲಿ ಇಂಗ್ಲೆಂಡಿನ ಫಾಕ್ಸ್ ಟಾಲ್ಬಟ್ ಜೆಲಾಟಿನ್‌ಗೆ ಪೊಟ್ಯಾಸಿಯಂ ಡೈಕ್ರೋಮೇಟ್ ಬೆರೆಸಿದರೆ ಬೆಳಕು ತಾಗಿದಲ್ಲಿ ಅದು ನೀರಿನಲ್ಲಿ ಕರಗದೆ ಉಳಿಯುವುದನ್ನು ಮುದ್ರಣಕ್ಕೆ ಬಳಸಿದ. ಜೆಲಾಟಿನ್ ಎಂದರೆ ಬಡಿಗರು ಬಳಸುತ್ತಿದ್ದ ಸರೇಸಿನ ಶುದ್ಧ ರೂಪ. ಅಂದರೆ ಅಂಟೇ ಬೆಳಕಿಗೆ ಗಟ್ಟಿಯಾಯಿತು! ನಮ್ಮ ಊರುಗಳಲ್ಲಿ ಮದುವೆಯ ಕರೆಯೋಲೆ ಮುದ್ರಿಸುವ ಸ್ಕ್ರೀನ್ ಪ್ರಿಂಟಿಂಗ್‌ನ ಪರದೆ ಸಿದ್ಧವಾಗುವುದೂ ಇದೇ ತತ್ತ್ವದಿಂದ.

ಕೊಂಡಿ ಕೂಡಿ ಸರಪಳಿ

ಗಟ್ಟಿಯಾಗುವಾಗ ಒಳಗೆ ಏನು ನಡೆಯುತ್ತದೆ? 1845ರಲ್ಲಿ ಬ್ಲೈತ್ ಮತ್ತು ಹಾಫ್‌ಮನ್ ಎಂಬ ರಸಾಯನಜ್ಞರು ಸ್ಟೈರೀನ್ ದ್ರವ ಬಿಸಿಲಿನಲ್ಲಿ ಗಾಜಿನಂಥ ಘನವಾಗುವುದನ್ನು ಕಂಡರು. ಅವರಿಗೆ ಕಾರಣ ತಿಳಿಯುವಂತಿರಲಿಲ್ಲ. 1920ರಲ್ಲಿ ಜರ್ಮನಿಯ ಹರ್ಮನ್ ಸ್ಟಾಡಿಂಗರ್, ಇಂಥ ಪದಾರ್ಥಗಳು ಸಾವಿರಾರು ಚಿಕ್ಕ ಅಣುಗಳು ಕೊಂಡಿಯಂತೆ ಕೂಡಿ ಆದ ಉದ್ದನೆಯ ಸರಪಳಿಗಳೆಂದು ವಾದಿಸಿದ. ಮೊದಲು ಅನೇಕರು ಒಪ್ಪಲಿಲ್ಲ. 1953ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂತು.

ಇಂದಿನ ಬೆಳಕಿನ ಅಂಟಿನಲ್ಲಿ ಎರಡು ಮುಖ್ಯ ಘಟಕಗಳಿವೆ. ಮೊದಲನೆಯದು ಅಕ್ರಿಲೇಟ್ ಅಥವಾ ಮೆಥಾಕ್ರಿಲೇಟ್ ಕುಟುಂಬದ ಮಾನೋಮರ್, ಅಂದರೆ ಬಿಡಿ ಕೊಂಡಿ. ಎರಡನೆಯದು ಅತ್ಯಲ್ಪ ಪ್ರಮಾಣದ ಪ್ರಚೋದಕ. ಬೆಳಕನ್ನು ಹೀರುವುದು ಪ್ರಚೋದಕ. ಫೋಟಾನ್ ಹೀರಿದ ಅಣು ಜೋಡಿ ತಪ್ಪಿದ ಎಲೆಕ್ಟ್ರಾನ್ ಉಳ್ಳ ಫ್ರೀ ರ್‍ಯಾಡಿಕಲ್‌ಗೆ ಜನ್ಮ ಕೊಡುತ್ತದೆ. ಅದು ಒಂದು ಮಾನೋಮರಿನ ದ್ವಿಬಂಧವನ್ನು ತೆರೆಯುತ್ತದೆ, ತೆರೆದದ್ದು ಪಕ್ಕದ್ದನ್ನು ತೆರೆಯುತ್ತದೆ. ಒಂದು ಕಿಡಿಯಿಂದ ಬಣವೆಯೇ ಹತ್ತಿದಂತೆ ಒಂದು ಫೋಟಾನಿನಿಂದ ಅನೇಕ ಕೊಂಡಿಗಳು ಕೂಡುತ್ತವೆ. ಬೆಳಕು ಇಲ್ಲದಿದ್ದರೆ ಅಂಟು ಕಾಯುತ್ತದೆ. ಕೂಡಿಸುವ ಕ್ಷಣವನ್ನು ಕೆಲಸಗಾರನ ಕೈಗೆ ಕೊಟ್ಟಿದ್ದೇ ಇದರ ಹಿರಿಮೆ.

ಹಲ್ಲಿನಿಂದ ಬಂದ ವಿದ್ಯೆ

ಈ ವಿದ್ಯೆಯನ್ನು ಪಳಗಿಸಿದವರಲ್ಲಿ ದಂತವಿಜ್ಞಾನಿಗಳು ಪ್ರಮುಖರು. ಅಮೆರಿಕದ ಮೈಕೆಲ್ ಬ್ಯೂನೊಕೋರ್ 1955ರಲ್ಲಿ ಹಲ್ಲಿನ ಮೇಲ್ಮೈಯನ್ನು ಆಮ್ಲದಿಂದ ತುಸು ಒರಟಾಗಿಸಿದರೆ ಅಕ್ರಿಲಿಕ್ ಚೆನ್ನಾಗಿ ಹಿಡಿಯುತ್ತದೆಂದು ತೋರಿಸಿದ. 1962ರಲ್ಲಿ ರಫೇಲ್ ಬೋವೆನ್ ಹಲ್ಲು ತುಂಬಲು ತಕ್ಕ ಹೊಸ ರಾಳಕ್ಕೆ ಪೇಟೆಂಟ್ ಪಡೆದ. 1970ರ ಹೊತ್ತಿಗೆ ಬ್ಯೂನೊಕೋರ್ ಅತಿನೇರಳೆ ಬೆಳಕಿನಿಂದ ಗಟ್ಟಿಯಾಗುವ ಲೇಪವನ್ನು ಬಳಸಿದ. 365 ನ್ಯಾನೋಮೀಟರ್ ತರಂಗದೂರದ ಒಂದು ಫೋಟಾನಿನ ಶಕ್ತಿ 3.4 ಎಲೆಕ್ಟ್ರಾನ್ ವೋಲ್ಟ್. ಆದರೆ ಅತಿನೇರಳೆ ಕಿರಣ ಕಣ್ಣಿಗೂ ಚರ್ಮಕ್ಕೂ ಅಪಾಯಕರ. ಹಲ್ಲಿನೊಳಗೆ ಅದು ಆಳಕ್ಕೆ ಇಳಿಯುವುದೂ ಇಲ್ಲ.

1970ರ ದಶಕದಲ್ಲಿ ಪರಿಹಾರ ಸಿಕ್ಕಿತು. ಅದರ ಮೂಲ ನಮ್ಮ ದೇವರ ಮನೆಯ ಕರ್ಪೂರ! ಕರ್ಪೂರವನ್ನು ಉತ್ಕರ್ಷಿಸಿದರೆ ಕ್ಯಾಂಫರ್‌ಕ್ವಿನೋನ್ ಎಂಬ ಹಳದಿ ಪದಾರ್ಥ ದೊರೆಯುತ್ತದೆ. ಅದು ಹಳದಿಯಾಗಿ ಕಾಣುವುದು ನೀಲಿಯನ್ನು ಹೀರುವುದರಿಂದ. ಹೀರಿಕೆ ಗರಿಷ್ಠವಾಗುವುದು 468 ನ್ಯಾನೋಮೀಟರ್ ಬಳಿ, ಅಂದರೆ 2.65 ಎಲೆಕ್ಟ್ರಾನ್ ವೋಲ್ಟ್. ಹೀಗೆ ಕಣ್ಣಿಗೆ ಕಾಣುವ ನೀಲಿ ಬೆಳಕೇ ಸಾಕಾಯಿತು. ನೀಲಿಗೆ ಪೂರಕವಾದ ಕಿತ್ತಳೆ ತಡೆ ಆ ನೀಲಿಯನ್ನು ಹೀರಿ ವೈದ್ಯರ ಕಣ್ಣನ್ನು ಕಾಯುತ್ತದೆ. ಮೊದಲ ಎರಡು ಪ್ರಶ್ನೆಗಳಿಗೆ ಇಲ್ಲಿ ಉತ್ತರ ಸಿಕ್ಕಿತು.

ಆರಂಭದಲ್ಲಿ ನೀಲಿ ಬೆಳಕು ಬರುತ್ತಿದ್ದುದು ಬಿಸಿಯಾಗುವ ಹ್ಯಾಲೊಜೆನ್ ದೀಪಕ್ಕೆ ಶೋಧಕ ಹಾಕಿ. 1993ರಲ್ಲಿ ಜಪಾನಿನ ಶುಜಿ ನಕಾಮುರ ಪ್ರಖರವಾದ ನೀಲಿ ಎಲ್.ಇ.ಡಿ. ಹೊರತಂದ. ಅಕಸಾಕಿ, ಅಮಾನೊ ಅವರೊಡನೆ ಅವನಿಗೆ 2014ರ ಭೌತವಿಜ್ಞಾನದ ನೊಬೆಲ್ ಸಂದಿತು. 1990ರ ದಶಕ ಮುಗಿಯುವ ಮೊದಲೇ ಬ್ರಿಟನ್ನಿನ ಸಂಶೋಧಕರು ಆ ಎಲ್.ಇ.ಡಿ.ಯನ್ನು ಹಲ್ಲಿನ ರಾಳದ ಮೇಲೆ ಪರೀಕ್ಷಿಸಿದ್ದರು. ಇಂದು ಕೈಯಲ್ಲಿ ಹಿಡಿಯುವ ದೀಪ ಚದರ ಸೆಂಟಿಮೀಟರಿಗೆ ಸುಮಾರು 1000 ಮಿಲಿವ್ಯಾಟ್ ಬೆಳಕು ಕೊಡುತ್ತದೆ.

ನೀರು ಕಂಡರೆ ಗಟ್ಟಿಯಾಗುವ ಅಂಟು

ಇತ್ತ ಗಾಜಿನ ತೊಟ್ಟಿಯ ಕಥೆ ಬೇರೆಯಾಗಿಯೇ ಸಾಗಿತ್ತು. 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಗಾರ ತೆರೆಯಿತು. ಆಗಿನ ತೊಟ್ಟಿಗಳೆಂದರೆ ಕಬ್ಬಿಣದ ಚೌಕಟ್ಟು, ಗಾಜು, ಮಧ್ಯೆ ಲಪ್ಪ. ಉಪ್ಪುನೀರು ಲೋಹವನ್ನು ತಿನ್ನುತ್ತಿತ್ತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಿಲಿಕೋನ್ ಅಂಟು ಬಂದ ಮೇಲಷ್ಟೇ ಚೌಕಟ್ಟಿಲ್ಲದ ಗಾಜಿನ ತೊಟ್ಟಿ ಸಾಧ್ಯವಾಯಿತು. ನಮ್ಮ ಭಾಗದ ಹಿರಿಯರಲ್ಲಿ ಮುಂಬಯಿಗೆ ಹೋದ ಹಲವರು 1951ರಲ್ಲಿ ಆರಂಭವಾದ ತಾರಾಪೋರವಾಲಾ ಮತ್ಸ್ಯಾಗಾರವನ್ನು ನೆನೆಯುತ್ತಾರೆ.

ಹವಳದ ತುಂಡನ್ನು ಕಲ್ಲಿಗೆ ಕೂಡಿಸಲು ಜಗತ್ತಿನಾದ್ಯಂತ ಹೆಚ್ಚಾಗಿ ಬಳಕೆಯಾಗುವುದು ಬೆಳಕಿನ ಅಂಟಲ್ಲ. ನಾವು ಸೂಪರ್ ಗ್ಲೂ ಎನ್ನುವ ಸಯನೋಅಕ್ರಿಲೇಟ್‌ನ ಗಟ್ಟಿ ಜೆಲ್. 1942ರಲ್ಲಿ ಕೊಡಾಕ್ ಕಂಪನಿಯ ಹ್ಯಾರಿ ಕೂವರ್ ಬಂದೂಕಿನ ಗುರಿಕನ್ನಡಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುವಾಗ ಇದು ಸಿಕ್ಕಿತು. ಮುಟ್ಟಿದ್ದಕ್ಕೆಲ್ಲ ಅಂಟುತ್ತದೆಂದು ಬದಿಗಿಟ್ಟರು. 1951ರಲ್ಲಿ ಅದರ ಬೆಲೆ ತಿಳಿಯಿತು, 1958ರಲ್ಲಿ ಮಾರುಕಟ್ಟೆಗೆ ಬಂತು. ಇದಕ್ಕೆ ಬೆಳಕು ಬೇಡ. ಮೇಲ್ಮೈಯ ತೇವವೇ ಸರಪಳಿಯನ್ನು ಆರಂಭಿಸುತ್ತದೆ. ನೀರೊಳಗಿನ ಕೆಲಸಕ್ಕೆ ಇದು ಒಗ್ಗಿದ್ದು ಹೀಗೆ. ಕೊರತೆಯೆಂದರೆ, ತಪ್ಪಾಗಿ ಇಟ್ಟರೆ ತಿದ್ದಲು ಸಮಯವಿಲ್ಲ. ಬೆಳಕಿನ ಅಂಟಿನ ಕಡೆಗೆ ತೊಟ್ಟಿಯವರ ಕಣ್ಣು ಹೋಗುವುದು ಈ ಕಾರಣದಿಂದ.

ನಮ್ಮ ತಪ್ಪು ಕಲಿಸಿದ ಪಾಠ

ಈಗ ನಮ್ಮ ಪ್ರಯೋಗಶಾಲೆಗೆ ಬನ್ನಿ. ನಾನು ವಿದ್ಯಾರ್ಥಿನಿಗೆ ಬಾಗಲಕೋಟೆ ಸೀಮೆಯ ಸುಣ್ಣಕಲ್ಲಿನ ಎರಡು ಚೂರುಗಳನ್ನು ಅತಿನೇರಳೆ ಅಂಟಿನಿಂದ ಕೂಡಿಸಲು ಹೇಳಿದೆ. ದೀಪ ಬಿಟ್ಟೆವು. ಅಂಚಿನಲ್ಲಿ ಅಂಟು ಗಾಜಿನಂತೆ ಗಟ್ಟಿಯಾಯಿತು. ಮರುದಿನ ನೀರಿಗೆ ಇಳಿಸುವಾಗ ಚೂರುಗಳು ಕಳಚಿದವು; ಒಳಗೆಲ್ಲ ಅಂಟು ಹಸಿಹಸಿಯಾಗಿಯೇ ಇತ್ತು. ಮೂವತ್ತು ವರ್ಷ ಬೆಳಕಿನ ಪಾಠ ಮಾಡಿದ ನನಗೆ ಕಲ್ಲು ಅಪಾರದರ್ಶಕ ಎಂಬುದು ಹೊಳೆಯದೆ ಹೋಯಿತು! ಬೆಳಕು ತಲುಪದ ಕೀಲಿನಲ್ಲಿ ಈ ಅಂಟು ಅಂಟೇ ಅಲ್ಲ.

ಆಮೇಲೆ ಕಲ್ಲನ್ನು ಅಕ್ರಿಲಿಕ್ ಹಲಗೆಗೆ ಕೂಡಿಸಿ, ಹಲಗೆಯ ಕಡೆಯಿಂದ ದೀಪ ಬಿಟ್ಟೆವು. ಮತ್ತೆ ಸೋಲು. ಬಿಸಿಲಿಗೆ ಹಳದಿಯಾಗದಿರಲೆಂದು ಅನೇಕ ಅಕ್ರಿಲಿಕ್ ಹಲಗೆಗಳಿಗೆ ಅತಿನೇರಳೆಯನ್ನು ತಡೆಯುವ ಪದಾರ್ಥ ಬೆರೆಸಿರುತ್ತಾರೆ. ನಮ್ಮ 365 ನ್ಯಾನೋಮೀಟರ್ ಬೆಳಕು ಅಲ್ಲೇ ನಿಂತಿತ್ತು. 405 ನ್ಯಾನೋಮೀಟರಿನ ನೇರಳೆ ದೀಪಕ್ಕೂ, ಅದಕ್ಕೆ ಸ್ಪಂದಿಸುವ ಅಂಟಿಗೂ ಬದಲಾಯಿಸಿದಾಗ ಕೀಲು ನಿಂತಿತು.

ಇನ್ನೂ ಮೂರು ಎಚ್ಚರಿಕೆಗಳಿವೆ. ಒಂದು, ಬೆಳಕು ಅಂಟಿನೊಳಗೆ ಇಳಿದಂತೆ ಕ್ಷೀಣಿಸುತ್ತದೆ; ದಂತವೈದ್ಯರು ಸುಮಾರು 2 ಮಿಲಿಮೀಟರ್ ಪದರಗಳಾಗಿ ತುಂಬುವುದು ಅದಕ್ಕಾಗಿ. ಎರಡು, ಗಾಳಿಯ ಆಕ್ಸಿಜನ್ ಫ್ರೀ ರ್‍ಯಾಡಿಕಲ್‌ಗಳನ್ನು ಹಿಡಿದು ಸರಪಳಿಯನ್ನು ನಿಲ್ಲಿಸುತ್ತದೆ. ಮೇಲ್ಪದರ ಜಿಗುಟಾಗಿ ಉಳಿಯಲು ಇದು ಕಾರಣ. ಕೂಡದೆ ಉಳಿದ ಮಾನೋಮರ್ ನೀರಿಗೆ ಇಳಿದರೆ ಜಲಜೀವಿಗಳಿಗೆ ವಿಷವಾಗಬಲ್ಲದು. ಆದ್ದರಿಂದ ಕೀಲನ್ನು ತೊಟ್ಟಿಯ ಹೊರಗೇ ಮಾಡಿ, ಒರೆಸಿ, ಮತ್ತೊಮ್ಮೆ ಬೆಳಕು ಕೊಟ್ಟು, ತೊಳೆದ ಮೇಲೆ ಇಳಿಸಬೇಕು. ಮೂರು, ಸದಾ ನೀರಿನ ಒತ್ತಡ ಹೊರುವ ತೊಟ್ಟಿಯ ಮುಖ್ಯ ಕೀಲುಗಳಿಗೆ ಸಿಲಿಕೋನೇ ತಕ್ಕದ್ದು; ಬೆಳಕಿನ ಅಂಟು ಒಳಗಿನ ಹಲಗೆ, ಗೂಡು, ಕೊಕ್ಕೆಗಳಿಗೆ ಸಾಕು.

ಒಂದೇ ನೀಲಿಗೆ ಇಬ್ಬರು

ಹವಳ ಒಂದು ಪ್ರಾಣಿ. ಅದರ ಅಂಗಾಂಶದೊಳಗೆ ಸೂಕ್ಷ್ಮ ಶೈವಲಗಳು ವಾಸಿಸಿ ದ್ಯುತಿಸಂಶ್ಲೇಷಣೆಯಿಂದ ಅದಕ್ಕೆ ಆಹಾರ ಒದಗಿಸುತ್ತವೆ. ಸಮುದ್ರದ ನೀರು ಕೆಂಪನ್ನು ಬೇಗ ಹೀರುತ್ತದೆ, ನೀಲಿ ಆಳಕ್ಕೆ ಇಳಿಯುತ್ತದೆ. ಆ ಶೈವಲಗಳ ವರ್ಣಕಗಳು ನೀಲಿಯನ್ನೇ ಚೆನ್ನಾಗಿ ಹೀರುವಂಥವು. ಹವಳದ ತೊಟ್ಟಿಗಳ ದೀಪ 450 ನ್ಯಾನೋಮೀಟರ್ ಸುತ್ತಮುತ್ತ ನೀಲಿಯಾಗಿರುವುದು ಇದಕ್ಕಾಗಿ. ಅಂದರೆ ಕರ್ಪೂರದ ಪ್ರಚೋದಕವೂ ಹವಳದ ಶೈವಲವೂ ಬಯಸುವುದು ಹೆಚ್ಚುಕಡಿಮೆ ಒಂದೇ ಬೆಳಕನ್ನು. ಹಾಗಾದರೆ ತೊಟ್ಟಿಯ ದೀಪವೇ ಅಂಟನ್ನು ಗಟ್ಟಿ ಮಾಡಲಾರದೇ? ಲೆಕ್ಕ ಹಾಕೋಣ.

ದೀಪದ ಬೆಳಕು ಹವಳದ ಮೇಲೆ ಚದರ ಮೀಟರಿಗೆ ಸೆಕೆಂಡಿಗೆ 300 ಮೈಕ್ರೋಮೋಲ್ ಫೋಟಾನ್ ಬೀಳುತ್ತಿದೆಯೆನ್ನಿ. 450 ನ್ಯಾನೋಮೀಟರಿನ ಒಂದು ಮೈಕ್ರೋಮೋಲ್ ಫೋಟಾನಿನ ಶಕ್ತಿ ಸುಮಾರು 0.27 ಜೂಲ್. ಆದ್ದರಿಂದ ತೀವ್ರತೆ ಚದರ ಮೀಟರಿಗೆ 80 ವ್ಯಾಟ್, ಅಂದರೆ ಚದರ ಸೆಂಟಿಮೀಟರಿಗೆ 8 ಮಿಲಿವ್ಯಾಟ್. ದಂತವೈದ್ಯರ ದೀಪ 20 ಸೆಕೆಂಡಿನಲ್ಲಿ ಕೊಡುವುದು ಚದರ ಸೆಂಟಿಮೀಟರಿಗೆ 20 ಜೂಲ್. ತೊಟ್ಟಿಯ ದೀಪಕ್ಕೆ ಅಷ್ಟು ಕೊಡಲು 2500 ಸೆಕೆಂಡು, ಸುಮಾರು 42 ನಿಮಿಷ ಬೇಕು. ಅಷ್ಟು ನಿಧಾನವಾದರೆ ಆಕ್ಸಿಜನ್ನಿನ ಅಡ್ಡಿಯೂ ಹೆಚ್ಚು. ಕೀಲು ಸಡಿಲವಾಗಿಯೇ ಉಳಿಯುವ ಸಂಭವ ಉಂಟು.

ತಿರುಗಿಸಿ ನೋಡಿ. ದಂತವೈದ್ಯರ ದೀಪವನ್ನು ಹವಳದ ಮೇಲೆ ನೇರವಾಗಿ ಹಿಡಿದರೆ? ನಡುಹಗಲ ಬಿಸಿಲಿನಲ್ಲಿ ದ್ಯುತಿಸಂಶ್ಲೇಷಣೆಗೆ ಒದಗುವ ಫೋಟಾನುಗಳು ಸುಮಾರು 2000 ಮೈಕ್ರೋಮೋಲ್. ಈ ದೀಪದ್ದು ಅದರ ಸುಮಾರು 20 ಪಟ್ಟು. ಜೀವಂತ ಅಂಗಾಂಶಕ್ಕೆ ಅದು ಅತಿಯಾದ ಪೆಟ್ಟು. ಅಂಟಿಗೆ ಸಾಕಾಗುವ ಬೆಳಕು ಹವಳಕ್ಕೆ ಅತಿ, ಹವಳಕ್ಕೆ ಹಿತವಾದ ಬೆಳಕು ಅಂಟಿಗೆ ಸಾಲದು. ಬಣ್ಣ ಒಂದೇ ಆದರೂ ಪ್ರಮಾಣ ಬೇರೆ.

ಕೂಡಿಸಬೇಕಾದದ್ದು ಏನು?

ವಿದ್ಯಾರ್ಥಿನಿಯ ಪ್ರಶ್ನೆಗೆ ಇನ್ನೊಂದು ಮುಖವಿತ್ತು. ನಮ್ಮ ದೇಶದಲ್ಲಿ ಗಟ್ಟಿ ಹವಳಗಳು 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿವೆ. ಹುಲಿಗೆ ಇರುವಷ್ಟೇ ರಕ್ಷಣೆ ಅವಕ್ಕೂ ಇದೆ. ನಮ್ಮ ಸಮುದ್ರದಿಂದ ಒಂದು ಚೂರು ಕಿತ್ತು ತಂದರೂ ಅಪರಾಧ. ಮುರುಡೇಶ್ವರದ ಆಚೆಯ ನೇತ್ರಾಣಿ ದ್ವೀಪದ ಸುತ್ತ ಹವಳವನ್ನು ನೀವು ನೋಡಬಹುದು, ತರುವಂತಿಲ್ಲ.

ಕಾನೂನು ಅಷ್ಟು ಕಟ್ಟುನಿಟ್ಟಾಗಲು ಕಾರಣವಿದೆ. ನೀರು ಅತಿಯಾಗಿ ಬಿಸಿಯಾದಾಗ ಹವಳ ತನ್ನೊಳಗಿನ ಶೈವಲಗಳನ್ನು ಕಳೆದುಕೊಂಡು ಬಿಳಿಚಿಕೊಳ್ಳುತ್ತದೆ. ಬಿಸಿ ಮುಂದುವರಿದರೆ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010 ಮತ್ತು 2016ರಲ್ಲಿ ಹೀಗೆ ವ್ಯಾಪಕವಾಗಿ ಆಯಿತು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ವಿಜ್ಞಾನಿಗಳು ಅಲ್ಲಿ ದೀರ್ಘಕಾಲ ಅಳತೆ ಮಾಡಿದ್ದಾರೆ. ಅವರ ಪ್ರಕಾರ 1998ರಲ್ಲಿ ಶೇಕಡ 37ರಷ್ಟಿದ್ದ ಜೀವಂತ ಹವಳದ ಹೊದಿಕೆ 2022ಕ್ಕೆ ಶೇಕಡ 20ಕ್ಕಿಂತ ಕೆಳಗಿಳಿದಿದೆ. 2024ರಲ್ಲಿ ಮತ್ತೆ ಬಿಳಿಚಿತು.

ಮುರಿದ ಹವಳವನ್ನು ಮತ್ತೆ ನೆಡುವ ಕೆಲಸವೂ ನಡೆದಿದೆ. ತೂತ್ತುಕುಡಿಯ ಸುಗಂತಿ ದೇವದಾಸನ್ ಸಾಗರ ಸಂಶೋಧನಾ ಸಂಸ್ಥೆ 2002ರಿಂದ ಮನ್ನಾರ್ ಖಾರಿಯಲ್ಲಿ, ಗುಜರಾತಿನ ಮೀಠಾಪುರದ ಯೋಜನೆ 2008ರಿಂದ ಕಚ್ಛ್ ಖಾರಿಯಲ್ಲಿ ಈ ಯತ್ನದಲ್ಲಿ ತೊಡಗಿವೆ. ಅಲ್ಲಿ ಅನುಮತಿ ಪಡೆದ ತಜ್ಞರು ಇದ್ದಾರೆ. ಅಂಟು ಅವರ ಕೈಯ ಒಂದು ಉಪಕರಣ. ಆದರೆ ಎಷ್ಟೇ ಗಟ್ಟಿಯಾಗಿ ಕೂಡಿಸಿದರೂ ಕಾಯುತ್ತಿರುವ ನೀರಿನಲ್ಲಿ ಆ ತುಂಡು ಬದುಕಲಾರದು. ಕೀಲು ಉಳಿಯುವುದು ಬೇರೆ, ಜೀವ ಉಳಿಯುವುದು ಬೇರೆ.

ಅವಳಿಗೆ ಇದನ್ನೆಲ್ಲ ಹೇಳಿದೆ. ಅವಳು ಹವಳವಿಲ್ಲದ ಹವಳದಿಬ್ಬ ಮಾಡಿದಳು: ಕೃಷ್ಣೆಯ ನೀರು, ಅಕ್ರಿಲಿಕ್ ಹಲಗೆಯ ಮೇಲೆ ಬೆಳಕಿನಿಂದ ಕೂಡಿಸಿದ ಸುಣ್ಣಕಲ್ಲಿನ ಚೂರುಗಳು. ಹಲಗೆಯಲ್ಲಿ 37 ಚೂರುಗಳಿಗೆ ಬಣ್ಣ ಬಳಿದು, ಪಕ್ಕದ ಹಲಗೆಯಲ್ಲಿ 19ಕ್ಕೆ ಮಾತ್ರ ಬಳಿದಳು. ನೋಡಲು ಬಂದ ಮಕ್ಕಳು ಮೊದಲು ಕೇಳಿದ್ದು ಅಂಟಿನ ಬಗ್ಗೆ ಅಲ್ಲ, "ಉಳಿದವು ಯಾಕೆ ಬಿಳಿ?" ಎಂದು.

ನೀವೇ ಮಾಡಿ ನೋಡಿ

ಉಪಾಧ್ಯಾಯರು ತರಗತಿಯಲ್ಲಿ ಸುಲಭವಾಗಿ ಮಾಡಬಹುದಾದ ಪ್ರಯೋಗ ಇದು. ಪುಟ್ಟ ದೀಪದೊಡನೆ ಮಾರುವ ಬೆಳಕಿನ ಅಂಟಿನ ಪೆನ್ನು ದೊರೆಯುತ್ತದೆ. ನಾಲ್ಕು ಗಾಜಿನ ಪಟ್ಟಿಗಳ ಮೇಲೆ ಒಂದೊಂದು ಹನಿ ಹಾಕಿ. ಮೂರನ್ನು ಕೆಂಪು, ಹಸಿರು, ನೀಲಿ ಜಿಲೇಟಿನ್ ಕಾಗದದಿಂದ ಮುಚ್ಚಿ, ನಾಲ್ಕನೆಯದು ತೆರೆದಿರಲಿ. ಬಿಸಿಲಿನಲ್ಲಿಟ್ಟು ನಿಮಿಷಕ್ಕೊಮ್ಮೆ ಕಡ್ಡಿಯಿಂದ ಮುಟ್ಟಿ, ಯಾವುದು ಮೊದಲು ಗಟ್ಟಿಯಾಯಿತೆಂದು ಬರೆದುಕೊಳ್ಳಿ. ಬಳಿಕ ಕಪ್ಪು ಸ್ಟ್ರಾವನ್ನು 2, 4, 8 ಮಿಲಿಮೀಟರ್ ಎತ್ತರಕ್ಕೆ ಕತ್ತರಿಸಿ, ಅಂಟು ತುಂಬಿ, ಮೇಲಿನಿಂದ ಮಾತ್ರ ಬೆಳಕು ಬಿಟ್ಟು, ತಳದಲ್ಲಿ ಹಸಿ ಉಳಿದಿದೆಯೇ ನೋಡಿ. ಕೈಗವಸು ತೊಡಿ, ದೀಪವನ್ನು ನೇರವಾಗಿ ನೋಡಬೇಡಿ, ಹಸಿ ಅಂಟು ಚರ್ಮಕ್ಕೆ ತಾಗದಿರಲಿ.

ಫಲಿತಾಂಶ ಏನು ಬಂದೀತೆಂದು ಮೊದಲೇ ಮಕ್ಕಳಿಂದ ಬರೆಸಿ. ನನ್ನ ಊಹೆಯಂತೆ ನಿಮ್ಮದೂ ಒಂದೆರಡು ತಪ್ಪಾದರೆ ಪಾಠ ಚೆನ್ನಾಗಿ ನಡೆಯಿತೆಂದೇ ತಿಳಿಯಿರಿ.